ಓಕುಳಿ ನೀರಿನಿಂದ ಶುರು ಮಾಡಿ

ಪ್ರಿಯ ಗೆಳೆಯರೇ,

ವಿಜಯಪುರ ಜಿಲ್ಲೆಯ ಇಂಡಿಯಿಂದ ನೀವು ಕಳಿಸಿದ ‘ಆಮ್ಲ ಗುರುತಿಸುವ ಬಣ್ಣಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಮಾಡಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ.

ಮೊದಲು ತಪ್ಪಿನ ಮಾತು. ‘ನಿಂಬೆರಸಕ್ಕೆ ಫಿನಾಲ್ಫ್ತಲೀನ್ ಹಾಕಿದೆ, ಬಣ್ಣ ಬರಲಿಲ್ಲ, ಆದ್ದರಿಂದ ಅದು ಆಮ್ಲ’ ಎಂದು ಬರೆದಿದ್ದೀರಿ. ಬಣ್ಣ ಬದಲಿಸಿ ಆಮ್ಲ, ಪ್ರತ್ಯಾಮ್ಲ (ಸುಣ್ಣದಂಥ, ಆಮ್ಲಕ್ಕೆ ವಿರುದ್ಧವಾದ ವಸ್ತು) ತೋರಿಸುವ ಈ ಸೂಚಕವನ್ನು ಬರೀ ನೀರಿಗೆ ಹಾಕಿದ್ದರೂ ಬಣ್ಣ ಬರುತ್ತಿರಲಿಲ್ಲ, ಅಲ್ವಾ? ಅದು ಗುಲಾಬಿಯಾಗುವುದು ಪಿಎಚ್ (ಆಮ್ಲ, ಪ್ರತ್ಯಾಮ್ಲದ ಅಳತೆ; 7ರ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ) ಸುಮಾರು 8.2 ದಾಟಿದ ಮೇಲೆ. ಅದಕ್ಕಿಂತ ಕೆಳಗೆ ಅದಕ್ಕೆ ನೀರೂ ಒಂದೇ, ನಿಂಬೆರಸವೂ ಒಂದೇ. ಇನ್ನೊಂದು ಸೂಚಕ ಮೀಥೈಲ್ ಆರೆಂಜ್ ಹಳದಿಯಾದರೆ ಪ್ರತ್ಯಾಮ್ಲ ಎಂದಿದ್ದೀರಿ. ಅದೂ ಸರಿಯಲ್ಲ. ಅದು 3.1ರ ಕೆಳಗೆ ಕೆಂಪು, 4.4ರ ಮೇಲೆ ಹಳದಿ. ಎಳನೀರಿನ ಪಿಎಚ್ ಸುಮಾರು 5. ಅಂದರೆ ಅದು ಆಮ್ಲೀಯ. ಆದರೂ ಅದರಲ್ಲಿ ಮೀಥೈಲ್ ಆರೆಂಜ್ ಹಳದಿಯೇ. ನಿಮ್ಮ ಸಾಲನ್ನು ನಂಬಿದ ಹುಡುಗಿ ಎಳನೀರನ್ನು ಸುಣ್ಣದ ನೀರಿನ ಪಕ್ಕದಲ್ಲಿ ಇಡುತ್ತಾಳೆ. ಪ್ರತಿ ಸೂಚಕಕ್ಕೂ ಬಣ್ಣ ಬದಲಿಸುವ ಜಾಗ ಬೇರೆ. ಬಣ್ಣದ ಜೊತೆ ಆ ಅಂಕಿಯನ್ನೂ ಬರೆಯಿರಿ.

ಆಮ್ಲ ಎಷ್ಟಿದೆ ಎಂದು ಅಳೆಯಲು ಫ್ಲಾಸ್ಕಿನ ಆಮ್ಲಕ್ಕೆ ಬ್ಯುರೆಟ್‌ನಿಂದ (ಹನಿ ಬಿಡುವ ಅಳತೆಯ ಕೊಳವೆ) ಕ್ಷಾರ, ಅಂದರೆ ನೀರಲ್ಲಿ ಕರಗುವ ಪ್ರತ್ಯಾಮ್ಲ, ಬಿಡುವ ಕಡೆ ‘ಗುಲಾಬಿ ಚೆನ್ನಾಗಿ ಗಾಢವಾದಾಗ ಬ್ಯುರೆಟ್ ನಿಲ್ಲಿಸಿ’ ಎಂಬುದನ್ನು ಹೊಡೆದುಹಾಕಿ. ಗಾಢವಾಯಿತು ಅಂದರೆ ಕ್ಷಾರ ಆಗಲೇ ಜಾಸ್ತಿ ಬಿದ್ದಿದೆ. ಫ್ಲಾಸ್ಕ್ ಕೆಳಗೆ ಬಿಳಿ ಟೈಲ್ ಇಡಬೇಕು. ಕೊನೆಕೊನೆಗೆ ಒಂದೊಂದೇ ಹನಿ ಬಿಡಬೇಕು. ಅಲುಗಾಡಿಸಿದರೂ ಅರ್ಧ ನಿಮಿಷ ಉಳಿಯುವ ತೆಳು ಗುಲಾಬಿ ಕಂಡರೆ ಅಲ್ಲಿಗೆ ಮುಗಿಯಿತು. ಆಮೇಲೆ ಅದು ತಾನಾಗೇ ಮಾಸುತ್ತದೆ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಕರಗಿ ಆಮ್ಲವಾಗುವುದೇ ಅದಕ್ಕೆ ಕಾರಣ. ಇದು ಗೊತ್ತಿಲ್ಲದೆ ನಾನು ಕಾಲೇಜಿನಲ್ಲಿ ಮತ್ತೆ ಮತ್ತೆ ಹನಿ ಬಿಟ್ಟು ಲೆಕ್ಕ ಕೆಡಿಸಿಕೊಂಡಿದ್ದೆ. ನಿಮ್ಮ ಓದುಗರಿಗೆ ಹಾಗಾಗಬಾರದು.

ಇತಿಹಾಸದ ಒಂದೂವರೆ ಪುಟ ಬೇಡ. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಸೊರೆನ್ಸನ್ 1909ರಲ್ಲಿ ಪಿಎಚ್ ಅಳತೆ ತಂದರು ಎಂಬ ಒಂದು ಸಾಲು ಸಾಕು.

ಈಗ ನನಗೆ ತುಂಬಾ ಹಿಡಿಸಿದ್ದು. ಆರತಿಗೆಂದು ಅಜ್ಜಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಓಕುಳಿ ಮಾಡಿದ್ದನ್ನು ಕೊನೆಯಲ್ಲಿ ನಾಲ್ಕೇ ಸಾಲಲ್ಲಿ ಮುಗಿಸಿದ್ದೀರಿ. ಲೇಖನ ಶುರುವಾಗಬೇಕಾದ್ದೇ ಅಲ್ಲಿಂದ. ಓದಿದ ಮೇಲೆ ನಾನೂ ಅಡುಗೆಮನೆಯಲ್ಲಿ ಮಾಡಿ ನೋಡಿದೆ. ಬರೀ ಅರಿಶಿನದ ನೀರಿಗೆ ನಿಂಬೆ ಹಿಂಡಿದರೆ ಹಳದಿ ಹಳದಿಯಾಗೇ ಉಳಿಯಿತು. ಸುಣ್ಣ ಹಾಕಿ ಕೆಂಪು ಮಾಡಿಕೊಂಡು ಹಿಂಡಿದೆ. ರಸ ಬಿದ್ದಲ್ಲೆಲ್ಲ ಕೆಂಪು ಒಡೆದು ಹಳದಿ ಮರಳಿ ಬಂತು! ಫಿನಾಲ್ಫ್ತಲೀನ್‌ಗೂ ಹೀಗೇ ಮಾಡಿ. ಮೊದಲು ಸುಣ್ಣದ ತಿಳಿನೀರಿನಲ್ಲಿ ಗುಲಾಬಿ ಬರಿಸಿಕೊಳ್ಳಿ, ಆಮೇಲೆ ನಿಂಬೆರಸ ಬಿಡಿ. ಆ ಬಣ್ಣ ಹೋದರೆ ಅದು ಆಮ್ಲದ ಕೆಲಸ.

ಇನ್ನೊಂದು ಕೋರಿಕೆ. ಇಂಡಿ ನಿಂಬೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ನೀವು ಅದೇ ಊರಿನವರು. ಆದರೂ ಲೇಖನದಲ್ಲಿ ಸುಮ್ನೆ ‘ಒಂದು ನಿಂಬೆಹಣ್ಣು’ ಅಂತ ಬರೆದಿದ್ದೀರಿ. ಒಂದು ಹಸಿರು ಕಾಯಿ, ಒಂದು ಮಾಗಿದ ಹಣ್ಣು ತನ್ನಿ. ಎರಡು ಲೋಟಗಳಲ್ಲಿ ಒಂದೇ ಅಳತೆ ಸುಣ್ಣದ ತಿಳಿನೀರು, ಎರಡೆರಡು ಹನಿ ಸೂಚಕ. ಅದಕ್ಕಿಂತ ಜಾಸ್ತಿ ಬೇಡ, ಸೂಚಕವೂ ಒಂದು ದುರ್ಬಲ ಆಮ್ಲವೇ. ಗುಲಾಬಿ ಹೋಗಲು ಯಾವುದರ ರಸ ಎಷ್ಟು ಹನಿ ಬೇಕಾಯಿತು, ಎಣಿಸಿ ಬರೆದು ಕಳಿಸಿ. ಎರಡು ಪುಟ ಜಾಗ ಇಟ್ಟಿರುತ್ತೇನೆ.