ಫೋನಿನಲ್ಲಿ ನಾಯಕರ ಧ್ವನಿ, ಪಟ್ಟಿಯಲ್ಲಿ ನಮ್ಮ ಹೆಸರು

ಹೊಸನಗರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ.

"ಹೋದ ತಿಂಗಳು ಒಬ್ಬ ನಾಯಕರ ಧ್ವನಿಯಲ್ಲಿ ಫೋನ್ ಬಂತು. ನನ್ನ ಹೆಸರು ಹಿಡಿದು ಮಾತಾಡಿಸಿ, ಎಲೆಚುಕ್ಕೆ ರೋಗದಿಂದ ನಿಮ್ಮ ಅಡಿಕೆ ತೋಟ ಹಾಳಾಗಿದ್ದು ಗೊತ್ತಿದೆ ಎಂದರು. ಮತದಾರರ ಪಟ್ಟಿಯಲ್ಲಿ ನನ್ನ ಹೆಸರಿನ ಒಂದು ಒತ್ತಕ್ಷರ ಬಿಟ್ಟುಹೋಗಿದೆ, ಧ್ವನಿಯೂ ಒತ್ತಿಲ್ಲದೆ ಕರೆಯಿತು. ಪಕ್ಕದ ಮನೆಯವರಿಗೆ ಅದೇ ಧ್ವನಿ ಬಗರ್‌ಹುಕುಂ ಹಕ್ಕುಪತ್ರದ ವಿಷಯ ಹೇಳಿತಂತೆ. ನಮ್ಮ ಸಂಗತಿ ಇವರಿಗೆ ಹೇಗೆ ಗೊತ್ತು? ಇನ್ನೊಂದು. ರೋಗದ ಪರಿಹಾರಕ್ಕೆ ಬೆಳೆಗಾರರ ಸಮಿತಿ ಮಾಡಿಕೊಂಡಿದ್ದೇವೆ. ಎಐನಿಂದ ಮುನ್ನೂರು ಮನೆಯ ಹೆಸರಲ್ಲಿ ಮುನ್ನೂರು ಬೇರೆ ಬೇರೆ ಮನವಿ ಬರೆಸೋಣ ಎನ್ನುತ್ತಾರೆ ಹುಡುಗರು. ಮಾಡಬಹುದಾ?"

ನಮಸ್ಕಾರ. ಮೊದಲ ಪ್ರಶ್ನೆಗೆ ಅರ್ಧ ಉತ್ತರ ಆ ಒತ್ತಕ್ಷರದಲ್ಲೇ ಇದೆ. ಮತದಾರರ ಪಟ್ಟಿ ಗುಟ್ಟಿನದಲ್ಲ. ಹೆಸರು, ವಯಸ್ಸು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್ ಅದರಲ್ಲಿ ಇರುತ್ತವೆ. ಫೋನ್ ನಂಬರ್ ಇರುವುದಿಲ್ಲ. ಅದನ್ನು ಕೊಡುವವರು ಬಹಳ ಸಲ ನಾವೇ. ಮಿಸ್ಡ್ ಕಾಲ್ ಸದಸ್ಯತ್ವ, ಮನೆಬಾಗಿಲಿಗೆ ಬಂದ ಸರ್ವೆ, ಸವಲತ್ತು ಸಿಗುತ್ತದೆ ಎಂದು ತುಂಬಿಸಿಕೊಂಡ ಫಾರಂ. ಇಂಥ ಸರ್ವೆ ನೆಪದ ನೋಂದಣಿ ನಿಲ್ಲಿಸಿ ಎಂದು ಚುನಾವಣಾ ಆಯೋಗ 2024ರ ಮೇ ತಿಂಗಳಲ್ಲಿ ಪಕ್ಷಗಳಿಗೆ ಹೇಳಬೇಕಾಯ್ತು. ಇದರ ಜೊತೆ ಬೂತ್‌ವಾರು ಫಲಿತಾಂಶ ಇಟ್ಟರೆ, ಯಾವ ಊರಲ್ಲಿ ಏನು ಮಾತಾಡಬೇಕು ಅಂತ ಅಂದಾಜು ಸಿಗುತ್ತದೆ. ನೀವು ಯಾರಿಗೆ ಓಟು ಹಾಕಿದಿರಿ ಅನ್ನುವುದು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ಆ ಹೆದರಿಕೆ ಬೇಡ.

ಧ್ವನಿಯಂತೂ ಈಗ ಸುಲಭ. ನಾಯಕರ ಭಾಷಣದ ಒಂದು ತುಣುಕು ಸಾಕು, ಯಂತ್ರ ಅದೇ ಗಂಟಲಲ್ಲಿ ಸಾವಿರ ಹೆಸರು ಕರೆಯುತ್ತದೆ. ಎಐ ಧ್ವನಿಯಾದರೆ ಶುರುವಿನಲ್ಲೇ, ಮೊದಲ ಶೇ 10ರಷ್ಟು ಹೊತ್ತಿನೊಳಗೆ ಹಾಗೆಂದು ತಿಳಿಸಬೇಕು ಅಂತ ಆಯೋಗ 2025ರ ಅಕ್ಟೋಬರ್‌ನಲ್ಲಿ ಪಕ್ಷಗಳಿಗೆ ಸೂಚಿಸಿದೆ. ನಿಮಗೆ ಬಂದ ಕರೆಯಲ್ಲಿ ಹಾಗೆ ಹೇಳಿದ್ದರಾ?

ನನಗೆ ಜಾಸ್ತಿ ಕಳವಳ ತಂದದ್ದು ಪಕ್ಕದ ಮನೆಯ ಸಂಗತಿ. ಪಕ್ಷದವರು ಲೆಕ್ಕ ಇಟ್ಟು ಊರಿನ ಕಷ್ಟ ತಿಳಿದುಕೊಂಡರೆ ತಪ್ಪೇನಿಲ್ಲ, ತಿಳಿದುಕೊಳ್ಳಲೇಬೇಕು. ಆದರೆ ಸಂತೆ ಮೈದಾನದಲ್ಲಿ ಮೈಕಿನಲ್ಲಿ ಕೊಟ್ಟ ಭರವಸೆಯನ್ನು ನೀವೂ ಕೇಳುತ್ತೀರಿ, ನೆರೆಯವರೂ ಕೇಳುತ್ತಾರೆ, ವಿರೋಧಿಯೂ ಕೇಳುತ್ತಾನೆ. ನಾಳೆ "ಅವತ್ತು ಹೀಗೆ ಹೇಳಿದ್ರಲ್ಲ" ಅಂತ ಎದ್ದು ನಿಂತು ಕೇಳಬಹುದು. ಒಂದೊಂದು ಕಿವಿಗೆ ಒಂದೊಂದು ಮಾತು ಹೇಳಿದರೆ ಕೇಳುವವರು ಯಾರು? ಸಾಕ್ಷಿ ಎಲ್ಲಿದೆ? ಅದಕ್ಕೇ ಒಂದು ಕೆಲಸ ಮಾಡಿ. ಬಂದ ಕರೆಯ ವಿಷಯ ಮನೆಯೊಳಗೇ ಇಟ್ಟುಕೊಳ್ಳಬೇಡಿ. ಸೊಸೈಟಿ ಕಟ್ಟೆಯಲ್ಲೋ ಗ್ರಾಮಸಭೆಯಲ್ಲೋ ನಾಲ್ಕು ಮನೆಯವರು ಸೇರಿ ಯಾರಿಗೆ ಏನು ಹೇಳಿದರು ಅಂತ ಹೋಲಿಸಿ ನೋಡಿ.

ಇನ್ನು ಹುಡುಗರ ಯೋಚನೆ. ಅವರ ಉತ್ಸಾಹ ನನಗೆ ಇಷ್ಟ, ಮುನ್ನೂರು ಮನವಿ ಮಾತ್ರ ಬೇಡ. ಬರೆಯದವರ ಹೆಸರಲ್ಲಿ ಬರೆದ ಪತ್ರ ಒಂದು ಸಿಕ್ಕಿಬಿದ್ದರೂ ಅಧಿಕಾರಿ ಇಡೀ ಕಟ್ಟನ್ನು ಪಕ್ಕಕ್ಕೆ ಸರಿಸುತ್ತಾರೆ. ನಿಜವಾಗಿ ತೋಟ ಕಳೆದುಕೊಂಡವರ ಮಾತೂ ಅದರ ಜೊತೆ ಹೋಗುತ್ತದೆ.

1951ರಲ್ಲಿ ನಮ್ಮದೇ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಅಳತೆಯ ವಿಷಯಕ್ಕೆ. ಗೇಣಿ ಭತ್ತ ಅಳೆಯುವ ಕೊಳಗ ಸರಿಯಾಗಿರಲಿ ಎಂದು ಕೇಳಿದರು. ನಿಮಗೂ ಈಗ ಬೇಕಾದ್ದು ಸರಿಯಾದ ಅಳತೆ. ಪ್ರತಿ ತೋಟದ ಸರ್ವೆ ನಂಬರ್, ಮರ ಎಷ್ಟು, ಚುಕ್ಕೆ ಯಾವ ತಿಂಗಳು ಕಂಡಿತು, ಎಷ್ಟು ಸಲ ಔಷಧಿ ಹೊಡೆಸಿದಿರಿ, ಮರ ಹತ್ತುವ ಕೊನೆಗಾರರ ಕೂಲಿ ಎಷ್ಟಾಯ್ತು, ಹೋದ ವರ್ಷ ಎಷ್ಟು ಕ್ವಿಂಟಾಲ್, ಈ ವರ್ಷ ಎಷ್ಟು. ಹುಡುಗರು ಮನೆಮನೆಗೆ ಹೋಗಿ ಬರೆದುಕೊಳ್ಳಲಿ. ಕೂಡಿಸಿ ಕಳೆಯಲು, ಸರ್ಕಾರಿ ಆದೇಶ ಬಿಡಿಸಿ ಹೇಳಲು, ಮನವಿಯನ್ನು ಇಂಗ್ಲಿಷಿಗೆ ತಿರುಗಿಸಲು ಎಐ ಧಾರಾಳವಾಗಿ ಬಳಸಿ. ಅದು ಕೊಟ್ಟ ಅಂಕಿ ಮಾತ್ರ ಒಬ್ಬರು ಕೂತು ಪುಸ್ತಕದ ಜೊತೆ ತಾಳೆ ನೋಡಲೇಬೇಕು. ಮನವಿ ಒಂದೇ ಇರಲಿ, ಸಹಿ ಮುನ್ನೂರು ಇರಲಿ.

ಇನ್ನೊಂದು ಎಚ್ಚರಿಕೆ. ಹೀಗೆ ತಯಾರಾದ ಪಟ್ಟಿಗೆ ಚುನಾವಣೆ ಹೊತ್ತಲ್ಲಿ ತುಂಬಾ ಬೆಲೆ. ಸುಮ್ನೆ ಒಂದು ಕಾಪಿ ಕೊಡಿ ಅಂತ ಯಾರೋ ಪರಿಚಯದವರೇ ಕೇಳುತ್ತಾರೆ. ಕೊಟ್ಟರೆ ಮುಂದಿನ ಸಲ ಮುನ್ನೂರು ಮನೆಗೂ ನಿಮಗೆ ಬಂದಂಥದೇ ಕರೆ ಬರುತ್ತದೆ. ಆದ್ದರಿಂದ ಮಾಹಿತಿ ಪರಿಹಾರದ ಕೆಲಸಕ್ಕೆ ಮಾತ್ರ, ಯಾವ ಪಕ್ಷಕ್ಕೂ ಕೊಡುವುದಿಲ್ಲ ಅಂತ ಮೊದಲ ಸಭೆಯಲ್ಲೇ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ.

ಮತದಾರರ ಪಟ್ಟಿಯಲ್ಲಿ ಹೆಸರು ಸರಿಪಡಿಸಲು ನಮೂನೆ 8 ಕೊಡಿ. ಲೆಕ್ಕ ಮುಗಿದ ಮೇಲೆ ಊರುವಾರು ಮೊತ್ತ ನಮಗೆ ಕಳಿಸಿ, ಹೆಸರು, ಫೋನ್ ನಂಬರ್ ಬೇಡ. ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ