ತಾಳಮದ್ದಳೆಯ ಹಳೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿಕೊಳ್ಳಲು ಯಾವ ಸೌಂಡ್ ಕಾರ್ಡ್ ಬೇಕು?

ನಿಮ್ಮ ಅಜ್ಜ ಅರ್ಥ ಹೇಳಿದ ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿದರೆ ಸದ್ದು ಒಡೆಯುತ್ತದೆ, ಹಿಂದೆ ಗುಂಯ್ ಅನ್ನುತ್ತದೆ, ದುಬಾರಿ ಸೌಂಡ್ ಕಾರ್ಡ್ ಬೇಕಾ ಅಂತ ಕೇಳಿದ್ದೀರಿ. ದುಬಾರಿಯದ್ದು ಬೇಡ. ಲೈನ್-ಇನ್, ಅಂದರೆ ಟೇಪ್ ರೆಕಾರ್ಡರಿನಂಥ ಯಂತ್ರದ ಜೋರು ಸಿಗ್ನಲ್ಲಿಗೆಂದೇ ಇರುವ ತೂತು, ಇರುವಂಥದ್ದು ಮಾತ್ರ ಬೇಕೇ ಬೇಕು.

ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಇರುವುದು ಮೈಕಿನ ತೂತು. ಮೈಕಿನಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಹಾಗಾಗಿ ಅಲ್ಲಿ ಅದನ್ನು ತುಂಬಾ ಹಿಗ್ಗಿಸುತ್ತಾರೆ. ಟೇಪ್ ರೆಕಾರ್ಡರಿನಿಂದ ಬರುವುದು ಮೊದಲೇ ಜೋರು, ಒಡೆಯದೆ ಇನ್ನೇನಾಗುತ್ತದೆ? ಮನೆಯಲ್ಲಿ ಡೆಸ್ಕ್‌ಟಾಪ್ ಇದ್ದರೆ ಹಿಂಬದಿ ನೋಡಿ. ಗುಲಾಬಿ ತೂತು ಮೈಕಿನದು, ನೀಲಿಯದು ಲೈನ್-ಇನ್. ಇಲ್ಲದಿದ್ದರೆ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ತೀರಾ ಅಗ್ಗದವುಗಳಲ್ಲಿ ಮೈಕಿನ ತೂತು ಮಾತ್ರ ಇರುತ್ತದೆ, ಸ್ಟೀರಿಯೊ ಲೈನ್-ಇನ್ ಇದೆಯಾ ಅಂತ ನೋಡಿಯೇ ಕೊಳ್ಳಿ.

ಗುಂಯ್ ಅನ್ನುವುದು ಹೆಚ್ಚಾಗಿ ಕರೆಂಟಿನ 50 ಹರ್ಟ್ಸ್ ಸದ್ದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ, ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ.

ನನ್ನ ಪ್ರಕಾರ ಕಾರ್ಡಿಗಿಂತ ಜಾಸ್ತಿ ಗಮನ ಬೇಕಿರುವುದು ಟೇಪ್ ಕಡೆಗೆ. ಮೊದಲು ಟೇಪ್ ರೆಕಾರ್ಡರಿನ ಹೆಡ್ಡನ್ನು, ಅಂದರೆ ಟೇಪು ತಾಗಿಕೊಂಡು ಓಡುವ ಲೋಹದ ತುಂಡನ್ನು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ. ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಭಾಗವತರ ತಾಳ ಕೇಳುವ ಜಾಗ ಹಾಕಿ, ಆ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ. ಮಂಕಾಗಿದ್ದ ತಾಳ ಒಂದು ಜಾಗದಲ್ಲಿ ಥಟ್ಟನೆ ಠಣ್ ಅನ್ನುತ್ತದೆ. ಅಲ್ಲೇ ಬಿಡಿ. ಎಷ್ಟು ಸಾವಿರದ ಕಾರ್ಡ್ ತಂದರೂ ಈ ಸ್ಪಷ್ಟತೆ ಬರುವುದಿಲ್ಲ. ಬೂಸ್ಟು ಹಿಡಿದ ಕ್ಯಾಸೆಟ್ಟನ್ನು ಮಾತ್ರ ಹಾಗೇ ಓಡಿಸಬೇಡಿ, ಹೆಡ್ಡಿಗೂ ಉಳಿದ ಕ್ಯಾಸೆಟ್ಟಿಗೂ ಹರಡುತ್ತದೆ.

ರೆಕಾರ್ಡಿಂಗಿನ ಲೆವೆಲ್ಲನ್ನು ಅರ್ಥಗಾರಿಕೆ ಕೇಳುತ್ತಾ ಇಡಬೇಡಿ. ಮಾತು ಮುಗಿದು ಪದ್ಯ ಎತ್ತಿಕೊಂಡು ಚೆಂಡೆಯ ಪೆಟ್ಟು ಬಿತ್ತು ಅಂದರೆ ಮೀಟರ್ ಕೆಂಪಾಗುತ್ತದೆ. ಯುದ್ಧದ ಪದ್ಯ ಹುಡುಕಿ, ಅತಿ ಜೋರಾದ ಪೆಟ್ಟು ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಇಡಿ. ಮಾತು ಸಣ್ಣದಾಗಿ ಕೇಳಿದರೆ ಚಿಂತೆಯಿಲ್ಲ, ಆಮೇಲೆ ಏರಿಸಬಹುದು. ಒಡೆದ ಚೆಂಡೆಯನ್ನು ಮಾತ್ರ ಮೊದಲಿನ ಹಾಗೆ ಮಾಡಲಾಗುವುದಿಲ್ಲ.

ಸಾಫ್ಟ್‌ವೇರಿಗೆ ಆಡಾಸಿಟಿ ಸಾಕು, ಉಚಿತ. 44.1 ಕಿಲೋಹರ್ಟ್ಸ್, 16 ಬಿಟ್, ಅಂದರೆ ಸಿ.ಡಿ.ಯ ಅಳತೆ. ಕ್ಯಾಸೆಟ್ಟಿನ ಸ್ವಂತ ಹಿಸ್ ಸದ್ದೇ 16 ಬಿಟ್ ರೆಕಾರ್ಡಿಂಗಿನ ಹಿನ್ನೆಲೆ ಸದ್ದಿಗಿಂತ ಎಷ್ಟೋ ಜೋರಾಗಿರುತ್ತದೆ, ಹಾಗಾಗಿ 192 ಕಿಲೋಹರ್ಟ್ಸಿನ ಹಿಂದೆ ಸುಮ್ನೆ ಓಡಬೇಡಿ. ವೇವ್ ಫೈಲಾಗಿ ಉಳಿಸಿ, 90 ನಿಮಿಷಕ್ಕೆ ಒಂದು ಜಿಬಿ ಒಳಗೇ ಆಗುತ್ತದೆ.

ಹಿಸ್ ತೆಗೆಯುವುದಾದರೆ ನಕಲು ಪ್ರತಿಯಲ್ಲಿ ತೆಗೆಯಿರಿ. ನಾಯ್ಸ್ ಸ್ಯಾಂಪಲ್, ಅಂದರೆ ಯಾವ ಸದ್ದು ಅಳಿಸಬೇಕು ಅಂತ ಸಾಫ್ಟ್‌ವೇರಿಗೆ ತೋರಿಸುವ ತುಣುಕು, ಆರಿಸುವಾಗ ಶ್ರುತಿ ಶುರುವಾಗುವ ಮುಂಚಿನ ಖಾಲಿ ಜಾಗವನ್ನೇ ಆರಿಸಿ. ಸ್ಯಾಂಪಲ್ಲಿನಲ್ಲಿ ಶ್ರುತಿ ಸೇರಿಕೊಂಡರೆ, ಅದು ಒಂದೇ ಸಮನೆ ನಡೆಯುವುದರಿಂದ ಸಾಫ್ಟ್‌ವೇರ್ ಅದನ್ನೂ ಗಲಾಟೆ ಅಂದುಕೊಂಡು ಅಳಿಸಿಬಿಡುತ್ತದೆ.