ಕೀಲಿಗೆ ಡಬ್ಬಿ ಸರಿ, ಸ್ಟೀರಿಂಗ್‌ಗೆ ಬೀಗ ಎಲ್ಲಿ?

ಕಾರಿನ ವಿದ್ಯುತ್ ಕೆಲಸದಲ್ಲೇ ಬದುಕು ಕಳೆದವನಿಗೆ ಓದುಗರಿಂದ ನೂರಾರು ಬಗೆಯ ಪ್ರಶ್ನೆ ಬರಬೇಕು. ನನಗೆ ಮಾತ್ರ ತಿಂಗಳು ತಿಂಗಳೂ ಅಲ್ಯೂಮಿನಿಯಂ ಫಾಯಿಲ್ ಪ್ರಶ್ನೆಯೇ ಬರುತ್ತದೆ. ಈ ಸಲ ಅದನ್ನು ಪೂರ್ತಿ ಮುಗಿಸುತ್ತೇನೆ. ಉಳಿದವರಿಗೆ ಸಿಗುವ ಜಾಗ ಕಡಿಮೆ, ಬೇಸರಿಸಬೇಡಿ. ಸ್ಮಾರ್ಟ್ ಕೀ ಎಂದರೆ ಜೇಬಿನಲ್ಲಿದ್ದರೇ ಸಾಕು, ಕಾರನ್ನು ತೆರೆದು ಚಾಲೂ ಮಾಡಲು ಬಿಡುವ ಕೀಲಿ. ಅದಕ್ಕಿಂತ ಹೆಚ್ಚು ವಿವರಿಸುತ್ತಾ ಕೂರುವುದೂ ಇಲ್ಲ.

ಪ್ರಶ್ನೆ: ಸ್ಮಾರ್ಟ್ ಕೀಗೆ ಫಾಯಿಲ್ ಸುತ್ತಿಟ್ಟರೆ, ಅಥವಾ ಸ್ಟೀಲ್ ಡಬ್ಬಿಯಲ್ಲಿಟ್ಟರೆ ಕಾರು ಕಳುವಾಗುವುದಿಲ್ಲವಂತೆ. ನಿಜವೇ? (ಶಿವಮೊಗ್ಗದ ಓದುಗರೊಬ್ಬರು)

ಅರ್ಧ ನಿಜ. ಆ ಅರ್ಧವನ್ನಾದರೂ ಸರಿಯಾಗಿ ಮಾಡುವವರು ಕಡಿಮೆ.

ಕಾರು ಮತ್ತು ಕೀಲಿ ಎರಡು ಬೇರೆ ಬೇರೆ ರೇಡಿಯೋ ಆವರ್ತನಗಳಲ್ಲಿ ಮಾತನಾಡುತ್ತವೆ. ಕಾರು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತದೆ, ಅದು ಒಂದೆರಡು ಮೀಟರ್ ದಾಟುವುದಿಲ್ಲ. ಕೀಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಕಳ್ಳರಲ್ಲಿ ಒಬ್ಬ ಕಾರಿನ ಪಕ್ಕದಲ್ಲೂ ಇನ್ನೊಬ್ಬ ನಿಮ್ಮ ಮನೆಯ ಬಾಗಿಲ ಬಳಿಯೂ ಉಪಕರಣ ಹಿಡಿದು ನಿಂತು, ಆ ಕೂಗನ್ನು ಒಳಗಿರುವ ಕೀಲಿಗೆ ತಲುಪಿಸುತ್ತಾರೆ. ಕೀಲಿ ಪಕ್ಕದಲ್ಲೇ ಇದೆಯೆಂದು ಕಾರು ನಂಬುತ್ತದೆ. ಇದು ಹೊಸ ವಿದ್ಯೆಯಲ್ಲ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲೇ ಎಂಟು ಕಂಪನಿಗಳ ಹತ್ತು ಮಾದರಿಯ ಕಾರುಗಳನ್ನು ಪರೀಕ್ಷಿಸಿ, ಹತ್ತನ್ನೂ ಹೀಗೆ ತೆರೆದು ಚಾಲೂ ಮಾಡಿ ತೋರಿಸಿದ್ದರು.

ಈಗ ಫಾಯಿಲ್ ವಿಚಾರ. ಕೀಲಿಯ ಉತ್ತರವನ್ನು ಫಾಯಿಲ್ ಚೆನ್ನಾಗಿಯೇ ತಡೆಯುತ್ತದೆ, ಎಲ್ಲೂ ಸಂದಿಲ್ಲದೆ ಮುಚ್ಚಿದ್ದರೆ ಮಾತ್ರ. ಆದರೆ ದಿನಕ್ಕೆ ನಾಲ್ಕು ಸಲ ಬಿಚ್ಚಿ ಸುತ್ತಿದ ಫಾಯಿಲ್ ಮಡಿಕೆಗಳಲ್ಲಿ ಹರಿಯುತ್ತದೆ. ಕಾರಿನ ಕಡಿಮೆ ಆವರ್ತನದ ಕೂಗನ್ನು ತಡೆಯಲು ಅಷ್ಟು ತೆಳುವಾದ ಹಾಳೆಯ ಶಕ್ತಿ ಸಾಲದು. ಹಾಗಾಗಿ ಫಾಯಿಲ್ ಬಿಡಿ, ಡಬ್ಬಿ ಹಿಡಿಯಿರಿ. ಯಾವ ಡಬ್ಬಿ? ಫ್ರಿಜ್ ಮೇಲಿನ ಅಯಸ್ಕಾಂತ ತೆಗೆದು ತಾಗಿಸಿ ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಬಿಸ್ಕತ್ತಿನ ತಗಡಿನ ಡಬ್ಬಿಯಂಥದ್ದು, ಒಳ್ಳೆಯದು. ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಗಳಿಗೆ ಅಯಸ್ಕಾಂತ ಅನೇಕ ವೇಳೆ ಅಂಟುವುದೇ ಇಲ್ಲ. ಕಡಿಮೆ ಆವರ್ತನಕ್ಕೆ ಅವು ತಗಡಿನಷ್ಟು ಬಲವಾದ ತಡೆಯಲ್ಲ. ಇನ್ನೊಂದು ಸೂಕ್ಷ್ಮವಿದೆ. ಬಿಸ್ಕತ್ತಿನ ಡಬ್ಬಿಯ ಕಂಠಕ್ಕೆ ಬಣ್ಣ ಬಳಿದಿರುತ್ತದೆ. ಬಣ್ಣದ ಆ ಪದರವೇ ಮುಚ್ಚಳಕ್ಕೂ ಡಬ್ಬಿಗೂ ನಡುವೆ ಸಂದಿಯಾಗುತ್ತದೆ. ಸ್ಯಾಂಡ್‌ಪೇಪರ್ ಹಿಡಿದು ಕಂಠವನ್ನೂ ಮುಚ್ಚಳದ ಒಳ ಅಂಚನ್ನೂ ಸುತ್ತಲೂ ಉಜ್ಜಿ, ಬರಿಯ ಲೋಹಕ್ಕೆ ಬರಿಯ ಲೋಹ ತಾಗುವಂತೆ ಮಾಡಿ.

ಆಮೇಲೆ ಪರೀಕ್ಷಿಸಿ. ಕೀಲಿಯನ್ನು ಡಬ್ಬಿಗೆ ಹಾಕಿ, ಮುಚ್ಚಿ, ಡಬ್ಬಿಯನ್ನು ಕಾರಿನ ಬಾಗಿಲಿಗೆ ಒತ್ತಿ ಹಿಡಿದು ಹಿಡಿಕೆಯ ಗುಂಡಿ ಒತ್ತಿ. ಎಡ, ಬಲ, ಹಿಂದಿನ ಡಿಕ್ಕಿ, ಮೂರೂ ಕಡೆ ನೋಡಬೇಕು. ಒಂದು ಕಡೆ ತೆರೆದುಕೊಂಡರೂ ಆ ಡಬ್ಬಿ ಪ್ರಯೋಜನವಿಲ್ಲ. ಪರೀಕ್ಷಿಸುವಾಗ ಎರಡನೇ ಕೀಲಿ ಜೇಬಿನಲ್ಲಿ ಇರಬಾರದು ಎಂಬುದನ್ನು ಹೇಳಲೇಬೇಕಾಗಿದೆ, ಏಕೆಂದರೆ ಹಾಗೆ ಮಾಡಿ ನನಗೆ ದೂರು ಬರೆದವರಿದ್ದಾರೆ. ಪರೀಕ್ಷೆಯಲ್ಲಿ ಗೆದ್ದ ಡಬ್ಬಿಯನ್ನೂ ಒಳಕೋಣೆಯಲ್ಲಿಡಿ, ಕಳ್ಳನ ಉಪಕರಣಕ್ಕೆ ಕಾರಿಗಿಂತ ಹೆಚ್ಚು ಶಕ್ತಿ ಇರಬಹುದು. ದಿನಬಳಕೆಯ ಕೀಲಿಯನ್ನು ಜೋಪಾನವಾಗಿ ಡಬ್ಬಿಗೆ ಹಾಕಿ, ಎರಡನೆಯದನ್ನು ಮುಂಬಾಗಿಲ ಪಕ್ಕದ ಮೊಳೆಗೆ ನೇತುಹಾಕುವ ಮನೆಗಳನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಎರಡೂ ಒಳಗಿರಲಿ. ಕಾರು ಕಳುವಾದರೆ ವಿಮಾ ಕಂಪನಿ ಎರಡೂ ಅಸಲಿ ಕೀಲಿಗಳನ್ನು ಕೇಳುತ್ತದೆ.

ಟೊಯೋಟಾದ ಅನೇಕ ಕೀಲಿಗಳಲ್ಲಿ ಡಬ್ಬಿಯೂ ಬೇಕಿಲ್ಲ. ಲಾಕ್ ಗುಂಡಿ ಒತ್ತಿ ಹಿಡಿದು ಅನ್‌ಲಾಕ್ ಗುಂಡಿಯನ್ನು ಎರಡು ಸಲ ಒತ್ತಿದರೆ, ದೀಪ ನಾಲ್ಕು ಸಲ ಮಿನುಗಿ ಕೀಲಿ ನಿದ್ರೆಗೆ ಹೋಗುತ್ತದೆ. ನಿಮ್ಮ ಕಾರಿನ ಕೈಪಿಡಿ ಓದಿ. ಶೋರೂಮಿನಲ್ಲಿ ಕೊಟ್ಟ ಪ್ಲಾಸ್ಟಿಕ್ ಚೀಲದಿಂದ ಅದನ್ನು ಹೊರತೆಗೆದವರೇ ಅಪರೂಪ.

ಇನ್ನು ಉಳಿದರ್ಧ. ನಮ್ಮ ದೇಶದಲ್ಲಿ ಕಳ್ಳ ನಿಮ್ಮ ಕೀಲಿಯನ್ನು ಕೇಳುವುದೇ ಇಲ್ಲ ಎಂಬ ಸಂದರ್ಭಗಳು ಬೇಕಾದಷ್ಟಿವೆ. ಗಾಜು ಒಡೆದು ಒಳನುಗ್ಗಿ, ಡ್ಯಾಶ್‌ಬೋರ್ಡಿನ ಕೆಳಗಿನ ಒಬಿಡಿ ಪೋರ್ಟಿಗೆ, ಅಂದರೆ ಮೆಕ್ಯಾನಿಕ್‌ಗಳು ಕಾರಿನ ದೋಷ ಓದುವ ಸಾಕೆಟ್ಟಿಗೆ, ಟ್ಯಾಬ್ಲೆಟ್ (ಟ್ಯಾಬ್) ಸಿಕ್ಕಿಸಿ, ಹೊಸ ಕೀಲಿಯನ್ನೇ ಕಾರಿಗೆ ಪರಿಚಯಿಸುತ್ತಾನೆ. ದೆಹಲಿ ಪೊಲೀಸರು ಹಿಡಿದ ತಂಡಗಳ ಬಳಿ ಇಂಥ ಸಾಧನಗಳು ಸಿಕ್ಕ ಸುದ್ದಿ ಮತ್ತೆ ಮತ್ತೆ ಬಂದಿದೆ. ಲಂಡನ್ನಿನಲ್ಲಿ 2022ರಲ್ಲಿ ಕಳುವಾದ ಟೊಯೋಟಾ ರಾವ್4 ಒಂದರಲ್ಲಿ ಕಳ್ಳರು ಹೆಡ್‌ಲ್ಯಾಂಪಿನ ಹಿಂದಿನ ವೈರಿಗೇ ಕೈಹಾಕಿ, ಕಾರಿನೊಳಗಿನ ಸಂಪರ್ಕ ಜಾಲಕ್ಕೆ ಸುಳ್ಳು ಸಂದೇಶ ಕಳಿಸಿದ್ದರು. ಇಂಥ ದಾರಿಗಳ ಮುಂದೆ ನಿಮ್ಮ ಡಬ್ಬಿ ಏನು ಮಾಡೀತು? ಸ್ಟೀರಿಂಗ್‌ಗೆ ಹಾಕುವ ದಪ್ಪ ಉಕ್ಕಿನ ಬೀಗ ತನ್ನಿ. ಅದನ್ನು ಯಾವ ಟ್ಯಾಬ್‌ನಿಂದಲೂ ತೆಗೆಯಲಾಗದು. ಗರಗಸ ಬೇಕು, ಹೊತ್ತು ಬೇಕು, ಸದ್ದಾಗುತ್ತದೆ. ಹೊರಗಿನಿಂದ ಕಾಣುವಂತೆ ಹಾಕಿ, ಪ್ರತಿ ರಾತ್ರಿ ಹಾಕಿ.

ಪ್ರಶ್ನೆ: ಮೈಕ್ರೋವೇವ್ ಅಥವಾ ಫ್ರಿಜ್‌ನಲ್ಲಿ ಕೀಲಿ ಇಡಬಹುದೇ?

ಬೇಡ. ಮನೆಯವರು ನೋಡದೆ ಮೈಕ್ರೋವೇವ್ ಚಾಲೂ ಮಾಡಿದರೆ ಕೀಲಿಯೊಳಗಿನ ಲಿಥಿಯಂ ಸೆಲ್ ಸಿಡಿಯಬಹುದು. ಫ್ರಿಜ್‌ನಲ್ಲಿ ಕೀಲಿಗೆ ತೇವ ಹಿಡಿಯುತ್ತದೆ.

ಪ್ರಶ್ನೆ: ಕೀಲಿಗೆ ಅಂಟಿಸುವ 'ಸಿಗ್ನಲ್ ತಡೆ' ಸ್ಟಿಕ್ಕರ್ ಕೆಲಸ ಮಾಡುತ್ತದೆಯೇ?

ಇಲ್ಲ. ಮಾರುವವನು ನಿಮಗೆ ಮೋಸ ಮಾಡುತ್ತಿದ್ದಾನೆ. ಕೀಲಿಯನ್ನು ಸುತ್ತಲೂ ಮುಚ್ಚದ ಯಾವುದೂ ತಡೆಯಲ್ಲ.

ಪ್ರಶ್ನೆ: ರೇಡಿಯೋ ಸಂಕೇತ ಕೆಡಿಸುವ ಜಾಮರ್ ಕೊಂಡು ಗೇಟಿನ ಬಳಿ ಇಡಲೇ?

ಖಾಸಗಿಯವರು ಜಾಮರ್ ಬಳಸುವುದು ಕಾನೂನುಬಾಹಿರ. ಮತ್ತೆ ಕೇಳಬೇಡಿ.

ಪ್ರಶ್ನೆ: ಕಳ್ಳನಿಗೆ ಕಾರು ಓಡಿಸಲಾಗದಂತೆ, ಎಂಜಿನ್‌ಗೆ ಪೆಟ್ರೋಲ್ ಕಳಿಸುವ ಪಂಪಿನ ವೈರು ಕತ್ತರಿಸಿ ಗುಪ್ತ ಸ್ವಿಚ್ ಹಾಕಿಕೊಡುತ್ತೇನೆ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಹಾಕಿಸಲೇ? (ಹಾಸನದ ಓದುಗರೊಬ್ಬರು)

ಆ ಗೆಳೆಯರಿಗೆ ಕಾರು ಮುಟ್ಟಲು ಬಿಡಬೇಡಿ. ಕಳೆದ ಮಳೆಗಾಲದಲ್ಲಿ ನನ್ನ ಶೆಡ್ಡಿಗೆ ಅಂಥದೇ ಕಾರು ಬಂತು. ಸೀಟಿನ ಕೆಳಗೆ ಮನೆಯ ಫ್ಯಾನಿಗೆ ಹಾಕುವ ಸ್ವಿಚ್ಚು, ಬರಿಗೈಯಲ್ಲಿ ತಿರುಚಿ ಟೇಪು ಸುತ್ತಿದ ವೈರು. ಟೇಪು ಕರಗಿ ಕಾರ್ಪೆಟ್ ಕಂದಾಗಿತ್ತು. ಮಾಲೀಕರು ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಿಕೊಂಡು ಓಡಾಡುತ್ತಿದ್ದರು. ಬೆಂಕಿ ಹತ್ತದಿದ್ದುದು ಪುಣ್ಯ. ಪಂಪಿನ ಸ್ವಿಚ್ಚು ಓಡುವಾಗ ಕೈಕೊಟ್ಟರೆ ಎಂಜಿನ್ ನಿಂತು ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿನ ನೆರವೂ ಒಂದೆರಡು ತುಳಿತದಲ್ಲಿ ಮುಗಿಯುತ್ತದೆ.

ಹಾಕಿಸಲೇಬೇಕೆಂದರೆ ಅನುಭವಿ ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲಿ, ಸ್ಟಾರ್ಟರ್ ರಿಲೇಯ (ಎಂಜಿನ್ ಚಾಲೂ ಮಾಡುವ ಮೋಟರಿಗೆ ವಿದ್ಯುತ್ ಹಾಯಿಸುವ ಸ್ವಿಚ್ಚು) ಸಣ್ಣ ವೈರಿನಲ್ಲಿ, ಫ್ಯೂಸ್ ಸಮೇತ ಹಾಕಿಸಿ. ಅದು ಕೆಟ್ಟರೆ ಕಾರು ಚಾಲೂ ಆಗದು ಅಷ್ಟೇ, ಓಡುತ್ತಿರುವ ಎಂಜಿನ್ ನಿಲ್ಲುವುದಿಲ್ಲ. ವಾರಂಟಿ ಬಾಕಿ ಇದ್ದರೆ ಮೊದಲು ಕಂಪನಿಯನ್ನೂ ವಿಮೆಯವರನ್ನೂ ಲಿಖಿತವಾಗಿ ಕೇಳಿ. ನಿಮ್ಮದು ಹೈಬ್ರಿಡ್ ಅಥವಾ ವಿದ್ಯುತ್ ಕಾರಾಗಿದ್ದರೆ ಇದಾವುದೂ ಬೇಡ. ಅದರೊಳಗಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.